ಹೊರೆ ಬಿದ್ದಾಗ ಸೋಲುವ ಇಂಜಿನ್: ದೋಷ ಇಂಜಿನ್ನಿನಲ್ಲೋ, ಹೊಲದಲ್ಲೋ?

ನಾಲೆಗೆ ನೀರು ಬಿಟ್ಟು ಗದ್ದೆ ಕೆಲಸ ಚುರುಕಾಗುವ ದಿನಗಳಲ್ಲಿ ನಮ್ಮಲ್ಲಿಗೆ ಬರುವ ರೈತ ಬಾಂಧವರಿಂದ ಒಂದು ದೂರು ತಪ್ಪದೆ ಕೇಳಿಬರುತ್ತದೆ. "ಸ್ವಾಮಿ, ಟಿಲ್ಲರ್ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತೆ. ನಿಂತ ಜಾಗದಲ್ಲಿ ಚೆನ್ನಾಗೇ ಓಡುತ್ತೆ. ಗದ್ದೆಗೆ ಇಳಿಸಿ ರೋಟರಿ ಹಾಕಿದ ಕೂಡಲೇ ಉಸಿರು ಕಟ್ಟಿದಂಗಾಗಿ ಕೂತುಬಿಡುತ್ತೆ." ಇದಕ್ಕೆ ಊರಿನಲ್ಲಿ ಸಿಗುವ ಉತ್ತರವೂ ಸಾಮಾನ್ಯವಾಗಿ ಒಂದೇ: ನಾಜಲ್ ಹೋಗಿದೆ, ಪಂಪು ಬಿಚ್ಚಬೇಕು, ಇಲ್ಲವಾದರೆ ಇಂಜಿನ್ ಇಳಿಸಬೇಕು. ರೈತರು ಸಾಲ ಮಾಡಿಯಾದರೂ ಆ ಕೆಲಸ ಮಾಡಿಸುತ್ತಾರೆ. ಮಾಡಿಸಿದ ಮೇಲೂ ಟಿಲ್ಲರ್ ಗದ್ದೆಯಲ್ಲಿ ಕೂರುವುದನ್ನು ನಾನು ಅನೇಕ ಬಾರಿ ಕಂಡಿದ್ದೇನೆ.

ಬೇಸಾಯಶಾಸ್ತ್ರದವನಿಗೆ ಇಂಜಿನ್ನಿನ ಮಾತೇಕೆ ಎಂದು ನೀವು ಕೇಳಬಹುದು. ಹೊರೆ ಬಿದ್ದಾಗ ಮಾತ್ರ ಸೋಲುವ ಇಂಜಿನ್ನಿನ ಕಾರಣವನ್ನು ಹುಡುಕುವಾಗ ಅರ್ಧ ದಾರಿ ಮಣ್ಣಿನಲ್ಲೇ ಇರುತ್ತದೆ. ಆ ಹೊರೆ ಎಂಬುದೇ ಮಣ್ಣು. ಆದುದರಿಂದ ಈ ವಿಷಯದಲ್ಲಿ ಮೆಕ್ಯಾನಿಕ್ಕಿಗೆ ಇರುವಷ್ಟೇ ಹಕ್ಕು ಬೇಸಾಯಗಾರನಿಗೂ ಇದೆ. ಟಿಲ್ಲರನ್ನು ವರ್ಕ್‌ಶಾಪಿಗೆ ಸಾಗಿಸುವ ಮೊದಲು ಗದ್ದೆಯ ಬದುವಿನ ಮೇಲೆಯೇ ಒಂದು ಗಂಟೆ ಪರೀಕ್ಷೆ ಮಾಡಬೇಕು, ಆ ಪರೀಕ್ಷೆಯನ್ನು ಯಂತ್ರದ ಒಡೆಯನೇ ಮಾಡಬೇಕು, ಮಣ್ಣಿನ ಕಡೆಯಿಂದ ಇಂಜಿನ್ನಿನ ಒಳಗಡೆಗೆ ಹೋಗಬೇಕೇ ಹೊರತು ಒಳಗಿನಿಂದ ಹೊರಕ್ಕೆ ಬರಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಇದರಲ್ಲಿ ಉಳಿಯುವುದು ದುಡ್ಡೊಂದೇ ಅಲ್ಲ. ಸಸಿಮಡಿಯಲ್ಲಿ ಬೆಳೆಯುತ್ತಿರುವ ಭತ್ತದ ಪೈರು ನಿಮ್ಮ ಟಿಲ್ಲರ್ ರಿಪೇರಿಯಾಗುವ ತನಕ ಕಾಯುವುದಿಲ್ಲ. ಮಧ್ಯಮಾವಧಿ ತಳಿಯಾದರೆ 21ರಿಂದ 25 ದಿನದ ಸಸಿಯನ್ನು ಕಿತ್ತು ನಾಟಿ ಮಾಡಬೇಕು. ಅದಕ್ಕಿಂತ ಹೆಚ್ಚು ದಿನ ಮಡಿಯಲ್ಲಿ ನಿಂತ ಸಸಿಗೆ ಗದ್ದೆಗೆ ಬಂದ ಮೇಲೆ ತೆಂಡೆ ಒಡೆಯುವ ಶಕ್ತಿ ಕುಂದುತ್ತದೆ; ಎಷ್ಟು ಗೊಬ್ಬರ ಹಾಕಿದರೂ ಆ ನಷ್ಟ ಪೂರ್ತಿ ತುಂಬುವುದಿಲ್ಲ. ವಿಶ್ವೇಶ್ವರಯ್ಯ ನಾಲೆಯ ಬಯಲಿನ ಒಂದು ಊರಿನಲ್ಲಿ ರೈತರೊಬ್ಬರ ಟಿಲ್ಲರ್ ನಾಟಿಯ ಹೊತ್ತಿನಲ್ಲಿ ಹೀಗೆಯೇ ಕೈಕೊಟ್ಟಿತು. ನಾಜಲ್ ಬದಲಾಯಿಸಿದರು. ಪಂಪು ಬಿಚ್ಚಿಸಿ ಕೂಡಿಸಿದರು. ಕೊನೆಗೆ ಪಿಸ್ಟನ್ ರಿಂಗನ್ನೂ ಹಾಕಿಸಿದರು. ಅಷ್ಟರಲ್ಲಿ ಸಸಿಗೆ ತಿಂಗಳು ದಾಟಿತ್ತು. ಆಮೇಲೆ ತಿಳಿದ ಕಾರಣವೆಂದರೆ, ಡೀಸೆಲ್ ಟ್ಯಾಂಕಿನ ಮುಚ್ಚಳದಲ್ಲಿರುವ ಗಾಳಿತೂತು ಕೆಸರಿನಿಂದ ಮುಚ್ಚಿಹೋಗಿತ್ತು! ಒಂದು ಗುಂಡುಸೂಜಿಯ ಕೆಲಸ.

ನಿಂತಲ್ಲಿ ಸರಾಗವಾಗಿ ಓಡುವ ಇಂಜಿನ್ ಮಣ್ಣಿಗೆ ಇಳಿದ ಕೂಡಲೇ ಏಕೆ ಸೋಲುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಖಾಲಿ ಓಡುವ ಇಂಜಿನ್ ತನ್ನ ಚಕ್ರ ತಾನು ತಿರುಗಿಸಿಕೊಳ್ಳುವಷ್ಟು ಮಾತ್ರ ಡೀಸೆಲ್ ಕುಡಿಯುತ್ತದೆ. ಹೊರೆ ಬಿದ್ದು ವೇಗ ಇಳಿಯತೊಡಗಿದಾಗ ಗವರ್ನರ್ ಎಂಬ ಭಾಗವು ಅದನ್ನು ಗುರುತಿಸಿ ಪಂಪಿನಿಂದ ಹೆಚ್ಚು ಡೀಸೆಲ್ ಬಿಡಿಸುತ್ತದೆ. ಹೆಚ್ಚು ಡೀಸೆಲ್ ಉರಿಯಬೇಕಾದರೆ ಹೆಚ್ಚು ಗಾಳಿ ಬೇಕು. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಹತ್ತು ಸಾವಿರ ಲೀಟರಿಗೂ ಮಿಕ್ಕಿ ಗಾಳಿ ಬೇಕಾಗುತ್ತದೆಂದರೆ ಆಶ್ಚರ್ಯವಾದೀತು. ಆದರೂ ಅದು ನಿಜ. ಆದುದರಿಂದ ಡೀಸೆಲ್ ಬರುವ ದಾರಿ ಅರ್ಧ ಕಟ್ಟಿದ್ದರೂ, ಗಾಳಿ ಬರುವ ದಾರಿ ಅರ್ಧ ಕಟ್ಟಿದ್ದರೂ ಖಾಲಿ ಓಡುವಾಗ ಅದು ತಿಳಿಯುವುದಿಲ್ಲ. ಕಿರಿದಾದ ತೂಬಿನಿಂದ ಒಂದು ಮಡಿಗೆ ನೀರು ಹಾಯಿಸಬಹುದು. ಇಡೀ ಗದ್ದೆ ತುಂಬಿಸಲು ಹೋದಾಗ ತೂಬಿನ ಬಂಡವಾಳ ಗೊತ್ತಾಗುತ್ತದೆ. ಇಲ್ಲಿಯೂ ಹಾಗೆಯೇ. ನಿಂತ ಜಾಗದಲ್ಲಿ ಎಕ್ಸಲರೇಟರ್ ಕೊಟ್ಟು ಸದ್ದು ಕೇಳಿ "ಇಂಜಿನ್ ಸರಿಯಾಗಿದೆ" ಎಂದು ಹೇಳುವವರ ಮಾತನ್ನು ನಂಬಬೇಡಿ.

ಮೊದಲ ಪ್ರಶ್ನೆ: ಸೋಲುತ್ತಿರುವುದು ಇಂಜಿನ್ನೋ ಅಥವಾ ರೋಟರಿಯೋ? ಟಿಲ್ಲರ್ ಮಣ್ಣಿನಲ್ಲಿ ನಿಧಾನವಾದಾಗ ಕಿವಿಗೊಟ್ಟು ಕೇಳಿ. ಇಂಜಿನ್ನಿನ ಸದ್ದು ಕುಗ್ಗದೆ ಅದೇ ವೇಗದಲ್ಲಿದ್ದು, ಬ್ಲೇಡುಗಳು ಮಾತ್ರ ನಿಧಾನವಾದರೆ ಇಂಜಿನ್ನಿನಲ್ಲಿ ಶಕ್ತಿ ಇದೆ, ಅದು ಮಣ್ಣಿಗೆ ತಲಪುತ್ತಿಲ್ಲ ಎಂದರ್ಥ. ಇಂಜಿನ್ನಿನಿಂದ ಕ್ಲಚ್ಚಿಗೆ ಶಕ್ತಿ ಹೋಗುವುದು ಬೆಲ್ಟುಗಳ ಮೂಲಕ. ಅವು ಸಡಿಲವಾಗಿದ್ದರೆ, ಎಣ್ಣೆ ಹತ್ತಿದ್ದರೆ, ಸವೆದು ಪುಲ್ಲಿಯ ಗಾಡಿಯ ತಳ ಮುಟ್ಟಿದ್ದರೆ ಜಾರುತ್ತವೆ. ಸುಟ್ಟ ರಬ್ಬರಿನ ವಾಸನೆ ಬರುತ್ತದೆ. ಇಂಜಿನ್ ನಿಲ್ಲಿಸಿ, ಹೊದಿಕೆ ತೆಗೆದು, ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಸುಮಾರು ಒಂದು ಬೆರಳಗಲ ಬಗ್ಗಿದರೆ ಸರಿಯೆನ್ನಬಹುದು, ನಿಖರವಾದ ಅಳತೆ ಯಂತ್ರದ ಪುಸ್ತಕದಲ್ಲಿರುತ್ತದೆ. ಬೆಲ್ಟು ಬದಲಾಯಿಸುವಾಗ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ. ಒಂದು ಹೊಸದು, ಎರಡು ಹಳೆಯದು ಹಾಕಿದರೆ ಹೊರೆಯೆಲ್ಲ ಹೊಸದರ ಮೇಲೆ ಬಿದ್ದು ಅದೂ ಬೇಗ ಹರಿಯುತ್ತದೆ. ಬೆಲ್ಟು ಬಿಗಿಯಾಗಿದ್ದೂ ರೋಟರಿ ಸೋತರೆ ಕ್ಲಚ್ಚಿನ ಕಡೆ ನೋಡಬೇಕು. ಇಂತಹ ದೋಷಕ್ಕೆ ನಾಜಲ್ ಬದಲಾಯಿಸುವುದೆಂದರೆ ಕಾಲು ನೋವಿಗೆ ಕಣ್ಣಿಗೆ ಮದ್ದು ಹಾಕಿದಂತೆ.

ಇಂಜಿನ್ನಿನ ಸದ್ದೇ ಕುಗ್ಗುತ್ತಿದ್ದರೆ ಎರಡನೆಯ ಪ್ರಶ್ನೆ: ಹೊಗೆ ಯಾವ ಬಣ್ಣದ್ದು? ಸೈಲೆನ್ಸರಿನ ಹೊಗೆಯಷ್ಟು ಪ್ರಾಮಾಣಿಕವಾಗಿ ಮಾತಾಡುವ ಭಾಗ ಇಂಜಿನ್ನಿನಲ್ಲಿ ಮತ್ತೊಂದಿಲ್ಲ. ಒಬ್ಬರು ಟಿಲ್ಲರ್ ಹಿಡಿದು ಉಳುತ್ತಿರಲಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು, ರೋಟರಿಯಿಂದ ದೂರವಿದ್ದು, ಹೊಗೆಯನ್ನು ಮಾತ್ರ ನೋಡಲಿ.

ಶಕ್ತಿ ಕುಗ್ಗುತ್ತಿದೆ, ಆದರೆ ಹೊಗೆಯೇ ಇಲ್ಲ ಎಂದಾದರೆ ಇಂಜಿನ್ನಿಗೆ ಡೀಸೆಲ್ ಸಾಲುತ್ತಿಲ್ಲ. ಉರಿಯುವುದಕ್ಕೆ ಏನೂ ಇಲ್ಲದ ಒಲೆಯಲ್ಲಿ ಹೊಗೆ ಎಲ್ಲಿಂದ ಬಂದೀತು? ಇಲ್ಲಿ ಟ್ಯಾಂಕಿನ ಮುಚ್ಚಳದಿಂದ ಪ್ರಾರಂಭಿಸಿ. ಗಾಳಿತೂತು ಮುಚ್ಚಿದ್ದರೆ ಡೀಸೆಲ್ ಇಳಿದಂತೆಲ್ಲ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಹರಿವು ಕಡಿಮೆಯಾಗುತ್ತದೆ. ಇದರ ಗುರುತು ಬಹಳ ಸ್ಪಷ್ಟ: ಯಂತ್ರ ಬೆಳಗ್ಗೆ ಚೆನ್ನಾಗಿ ಉಳುತ್ತದೆ, ಇಪ್ಪತ್ತು ಮೂವತ್ತು ನಿಮಿಷದ ನಂತರ ಸೋಲುತ್ತದೆ, ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಚೇತರಿಸಿಕೊಳ್ಳುತ್ತದೆ. ಸೋಲುವ ಹೊತ್ತಿನಲ್ಲಿ ಯಂತ್ರ ನಿಲ್ಲಿಸಿ ಮುಚ್ಚಳ ಸಡಿಲಿಸಿ ನೋಡಿ. "ಸುಯ್" ಎಂದು ಗಾಳಿ ಒಳಗೆ ಎಳೆದರೆ, ಮತ್ತು ಅನಂತರ ಶಕ್ತಿ ಮರಳಿದರೆ, ಕಾರಣ ಸಿಕ್ಕಿತು. ಬೇಸಿಗೆಯಲ್ಲಿ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದ ಯಂತ್ರವಾದರೆ ಮಣ್ಣುಗೂಡು ಕಟ್ಟುವ ಕಡಜಗಳು ಇಂತಹ ತೂತುಗಳನ್ನೂ ಸೈಲೆನ್ಸರಿನ ಬಾಯನ್ನೂ ಮುಚ್ಚಿಬಿಡುವುದುಂಟು.

ಮುಚ್ಚಳ ಸರಿಯಿದ್ದರೆ ಫಿಲ್ಟರನ್ನು ನೋಡಿ. ಕಾಗದದ ಫಿಲ್ಟರನ್ನು ತೊಳೆದು ಮತ್ತೆ ಹಾಕುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಇದು ಉಳಿತಾಯವಲ್ಲ. ತೊಳೆದಾಗ ಹೊರಗಿನ ಕೊಳೆ ಹೋದಂತೆ ಕಂಡರೂ ಕಾಗದದ ಸೂಕ್ಷ್ಮ ರಂಧ್ರಗಳು ಕಟ್ಟಿಕೊಂಡೇ ಇರುತ್ತವೆ, ಅಥವಾ ಕಾಗದ ಹರಿದು ಕೊಳೆ ನೇರವಾಗಿ ಪಂಪಿಗೆ ಹೋಗುತ್ತದೆ. ಕೆಲವರು ಫಿಲ್ಟರನ್ನೇ ಕಿತ್ತು "ಈಗ ನೋಡಿ, ಹೇಗೆ ಓಡುತ್ತೆ" ಎಂದು ಹೆಮ್ಮೆಪಡುತ್ತಾರೆ. ಪಂಪಿನೊಳಗಿನ ಪ್ಲಂಜರ್ ಮತ್ತು ಅದರ ಗೂಡಿನ ನಡುವಿನ ಸಂದು ಒಂದು ಕೂದಲೆಳೆಯ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಅಲ್ಲಿಗೆ ಒಂದು ಚಿಟಿಕೆ ದೂಳು ಹೋದರೆ ಏನಾದೀತೆಂದು ನೀವೇ ಯೋಚಿಸಿ.

ಡೀಸೆಲಿನಲ್ಲಿ ನೀರು ಸೇರಿರುವುದೂ ಬಹಳ ಸಾಮಾನ್ಯ. ಪ್ಲಾಸ್ಟಿಕ್ ಕ್ಯಾನಿನಲ್ಲಿ ತಂದು ಅಂಗಳದಲ್ಲಿಟ್ಟ ಡೀಸೆಲಿಗೆ ಮಳೆಹನಿ ಸೇರಬಹುದು. ಅರೆ ತುಂಬಿದ ಟ್ಯಾಂಕಿನ ಒಳಗೋಡೆಯ ಮೇಲೆ ರಾತ್ರಿಯ ತಂಪಿಗೆ ಹನಿ ಕೂರಬಹುದು. ಟ್ಯಾಂಕಿನ ತಳದಿಂದ ಅಥವಾ ಫಿಲ್ಟರ್ ಬಟ್ಟಲಿನಿಂದ ಸ್ವಲ್ಪ ಡೀಸೆಲನ್ನು ಗಾಜಿನ ಸೀಸೆಗೆ ಹಿಡಿದು ಅರ್ಧ ಗಂಟೆ ಅಲುಗಿಸದೆ ಇಡಿ. ನೀರು ಭಾರ, ಡೀಸೆಲ್ ಹಗುರ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಸಂಜೆ ಕೆಲಸ ಮುಗಿದೊಡನೆ ಟ್ಯಾಂಕ್ ತುಂಬಿಸಿಡುವ ಪದ್ಧತಿ ಇಟ್ಟುಕೊಂಡರೆ ಹನಿ ಕೂರುವ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಫಿಲ್ಟರ್ ಬಿಚ್ಚಿ ಹಾಕಿದ ಮೇಲೆ ಕೊಳವೆಯಲ್ಲಿ ಸಿಕ್ಕಿದ ಗಾಳಿಯನ್ನು ತೆಗೆಯಲು ಮರೆಯಬಾರದು. ಗಾಳಿ ತೆಗೆಯುವ ತಿರುಪನ್ನು ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವ ತನಕ ಬಿಟ್ಟು, ಬಿಗಿಮಾಡಿದರಾಯಿತು. ಇದನ್ನು ಕಲಿಯದ ಟಿಲ್ಲರ್ ಒಡೆಯನು ಹಾಲು ಕರೆಯಲು ಬಾರದ ಹಸುವಿನ ಒಡೆಯನಂತೆ ಎಂದರೆ ಯಾರೂ ಬೇಸರಿಸಬಾರದು.

ಹೊಗೆ ಕಪ್ಪಾಗಿದ್ದರೆ ಕಥೆ ಬೇರೆ. ಡೀಸೆಲ್ ಬೇಕಾದಷ್ಟು ಬರುತ್ತಿದೆ, ಅದನ್ನು ಉರಿಸಲು ಗಾಳಿ ಸಾಲುತ್ತಿಲ್ಲ, ಅಥವಾ ಇಂಜಿನ್ನಿನ ಶಕ್ತಿಗೆ ಮೀರಿದ ಹೊರೆ ಬಿದ್ದಿದೆ. ಏರ್ ಕ್ಲೀನರನ್ನು ಬಿಚ್ಚಿ ನೋಡಿ. ಎಣ್ಣೆ ಬಟ್ಟಲಿನ ಏರ್ ಕ್ಲೀನರಿನಲ್ಲಿ ಎಣ್ಣೆ ಗುರುತಿನ ಮಟ್ಟಕ್ಕೆ ಸರಿಯಾಗಿರಬೇಕು. ಕಡಿಮೆಯಾದರೆ ದೂಳು ಒಳಗೆ ಹೋಗಿ ಲೈನರ್ ಸವೆಯುತ್ತದೆ. ಹೆಚ್ಚಾದರೆ ಗಾಳಿಯ ದಾರಿ ಕಟ್ಟುತ್ತದೆ, ಎಣ್ಣೆಯನ್ನೂ ಇಂಜಿನ್ ಹೀರುತ್ತದೆ. ಒಳ್ಳೆಯದಾಗಲೆಂದು ಬಟ್ಟಲು ತುಂಬ ಎಣ್ಣೆ ಹಾಕುವವರು ಇದನ್ನು ಗಮನಿಸಬೇಕು. ಒಣ ಹೊಲದಲ್ಲಿ ಉಳುವ ದಿನಗಳಲ್ಲಿ ಇದನ್ನು ಪ್ರತಿದಿನ ನೋಡಬೇಕು. ಎಣ್ಣೆ ಗಂಜಿಯಂತಾಗಿದ್ದರೆ ಚೆಲ್ಲಿ, ಬಟ್ಟಲನ್ನೂ ಜಾಲರಿಯನ್ನೂ ಡೀಸೆಲಿನಲ್ಲಿ ತೊಳೆದು ಹೊಸ ಎಣ್ಣೆ ಹಾಕಿ. ಏರ್ ಕ್ಲೀನರ್ ಇಲ್ಲದೆ ಹೊಲದಲ್ಲಿ ಒಂದು ಸಾಲೂ ಉಳಬೇಡಿ. ಸೈಲೆನ್ಸರಿನೊಳಗೆ ಮಸಿ ಗಟ್ಟಿಯಾಗಿ ಕಟ್ಟಿದ್ದರೂ ಇದೇ ಗತಿ. ಹೊಗೆ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಹೊಸ ಗಾಳಿ ಒಳಗೆ ಬರುವುದೆಂತು?

ಗಾಳಿಯ ಮಾತು ಬಂದಾಗ ಇನ್ನೊಂದು ವಿಷಯ. ಎತ್ತರದ ಪ್ರದೇಶದಲ್ಲಿ ಗಾಳಿ ತೆಳುವಾಗಿರುತ್ತದೆ. ನಮ್ಮ ಟಿಲ್ಲರಿನಂತಹ ಸಾಧಾರಣ ಇಂಜಿನ್ನುಗಳು ಪ್ರತಿ 100 ಮೀಟರ್ ಎತ್ತರಕ್ಕೆ ಸುಮಾರು ಶೇಕಡ 1ರಷ್ಟು ಶಕ್ತಿ ಕಳೆದುಕೊಳ್ಳುತ್ತವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನ ಸುತ್ತಣ ಊರುಗಳಲ್ಲಿ 13 ಅಶ್ವಶಕ್ತಿಯ ಇಂಜಿನ್ 12ನ್ನು ಮುಟ್ಟುವುದೂ ಕಷ್ಟ. ಕರಾವಳಿಯ ನೆಂಟರ ಟಿಲ್ಲರ್ ನಮ್ಮದಕ್ಕಿಂತ ಚೆನ್ನಾಗಿ ಎಳೆಯುತ್ತದೆಂದು ಹೊಟ್ಟೆಕಿಚ್ಚುಪಡುವುದಕ್ಕೆ ಕಾರಣವಿಲ್ಲ.

ಇನ್ನು ಹೊರೆಯ ವಿಷಯ. ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದುದೂ, ಯಾವ ವರ್ಕ್‌ಶಾಪಿನಲ್ಲಿಯೂ ಯಾರೂ ಕೇಳದೆ ಬಿಡುವುದೂ ಇದೇ. ಒಂದು ಲೆಕ್ಕ ಮಾಡೋಣ. ಟಿಲ್ಲರಿನ ರೋಟರಿ ಸುಮಾರು 60 ಸೆಂಟಿಮೀಟರ್ ಅಗಲ ಕತ್ತರಿಸುತ್ತದೆಂದು ಇಟ್ಟುಕೊಳ್ಳಿ. 12 ಸೆಂಟಿಮೀಟರ್ ಆಳಕ್ಕೆ ಬಿಟ್ಟರೆ ಯಂತ್ರ ಒಂದು ಮೀಟರ್ ಮುಂದೆ ಸಾಗುವಷ್ಟರಲ್ಲಿ ನೂರು ಕಿಲೋಗೂ ಹೆಚ್ಚು ಮಣ್ಣನ್ನು ಕತ್ತರಿಸಿ ಎತ್ತಿ ಹಾಕುತ್ತದೆ. ಎಕರೆಗೆ ಇದು ಏಳುನೂರು ಟನ್ನಿಗೂ ಮಿಕ್ಕುತ್ತದೆ. ಆಳವನ್ನು 18 ಸೆಂಟಿಮೀಟರಿಗೆ ಇಳಿಸಿದರೆ ಮಣ್ಣು ಒಂದೂವರೆ ಪಟ್ಟಾಯಿತು. ನೀವು ಹಿಂಬದಿಯ ಚಕ್ರವನ್ನು ನಾಲ್ಕು ಸುತ್ತು ತಿರುಗಿಸಿದ್ದಷ್ಟೇ, ಇಂಜಿನ್ನಿನ ಪಾಲಿಗೆ ಅದು ಬೇರೆಯೇ ಹೊಲವಾಯಿತು! ಭತ್ತದ ಗದ್ದೆಯ ಕೆಸರು ಉಳುಮೆಗೆ 10ರಿಂದ 15 ಸೆಂಟಿಮೀಟರ್ ಆಳ ಸಾಕು. ಅದಕ್ಕಿಂತ ಆಳಕ್ಕೆ ಕೆಸರು ಮಾಡಿದರೆ ಡೀಸೆಲ್ ಹೆಚ್ಚು ಹೋಗುತ್ತದೆ, ನಾಟಿ ಮಾಡುವ ಹೆಣ್ಣುಮಕ್ಕಳ ಕಾಲು ಹೂತುಹೋಗುತ್ತದೆ, ಇಳುವರಿ ಮಾತ್ರ ಹೆಚ್ಚುವುದಿಲ್ಲ. ಬಾಡಿಗೆಯವನು ಆಳ ಉತ್ತಷ್ಟೂ ಒಳ್ಳೆಯ ಕೆಲಸಗಾರನೆಂಬ ನಂಬಿಕೆಯನ್ನು ನಾವು ಬಿಡಬೇಕು.

ಆಳಕ್ಕಿಂತಲೂ ದೊಡ್ಡದು ಹದ. ನಮ್ಮ ಹಿರಿಯರು ಎತ್ತಿನ ಬೇಸಾಯದಲ್ಲಿ ಹದ ನೋಡದೆ ನೇಗಿಲು ಹೂಡುತ್ತಿರಲಿಲ್ಲ; ಎತ್ತು ನಿಂತುಬಿಡುತ್ತಿತ್ತು, ಎತ್ತಿನ ನೋವು ಕಣ್ಣಿಗೆ ಕಾಣುತ್ತಿತ್ತು. ಯಂತ್ರ ಬಂದ ಮೇಲೆ ಹದ ಕಾಯುವ ತಾಳ್ಮೆ ಕಡಿಮೆಯಾಯಿತು. ಎರೆಭೂಮಿ ಒಣಗಿದಾಗ ಇಟ್ಟಿಗೆ, ಹಸಿಯಾದಾಗ ಅಂಟು. ಎರಡರ ನಡುವೆ ಕೆಲವೇ ದಿನ ಸಿಗುವ ಹದದಲ್ಲಿ ಉತ್ತರೆ ಅದೇ ಇಂಜಿನ್ ನಗುನಗುತ್ತಾ ಉಳುತ್ತದೆ. ಉಳುವ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆಯಿರಿ. ಪೆನ್ಸಿಲಿಗಿಂತ ತೆಳುವಾದ ಎಳೆಯಾಗಿ ಒಡೆಯದೆ ಬಂದರೆ ಮಣ್ಣು ಇನ್ನೂ ಹಸಿ, ಒಣಬೇಸಾಯದ ಉಳುಮೆಗೆ ತಕ್ಕುದಲ್ಲ. ಎಳೆಯಾಗುವ ಮುನ್ನವೇ ಬಿರಿದು ಮುರಿದರೆ, ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಟ್ಟಾಗ ಪುಡಿಪುಡಿಯಾದರೆ ಹದ ಬಂದಿದೆ. ಈ ಪರೀಕ್ಷೆಗೆ ಕಾಸು ಖರ್ಚಿಲ್ಲ.

ಬಳಿಕ ಬ್ಲೇಡು. ಸವೆದು ಮೊಂಡಾದ ಬ್ಲೇಡು ಮಣ್ಣನ್ನು ಕತ್ತರಿಸುವುದಿಲ್ಲ, ಗುದ್ದುತ್ತದೆ. ಬಾಗಿದ ಬ್ಲೇಡುಗಳನ್ನು ಎಡ ಬಲ ಅದಲು ಬದಲಾಗಿ ಜೋಡಿಸಿದ್ದರೆ, ಹರಿತವಾದ ಅಂಚಿನ ಬದಲು ಬೆನ್ನು ಮೊದಲು ಮಣ್ಣಿಗೆ ತಗಲುತ್ತದೆ. ರೋಟರಿ ಶಾಫ್ಟಿಗೆ ಹುಲ್ಲು, ಕಳೆ, ಹಗ್ಗದ ಚೂರು ಸುತ್ತಿಕೊಂಡಿರುವುದಂತೂ ದಿನನಿತ್ಯದ ಮಾತು. ಗಂಗಾವತಿ, ಸಿಂಧನೂರು ಕಡೆ ಕಟಾವು ಯಂತ್ರದಲ್ಲಿ ಭತ್ತ ಕೊಯ್ದ ಗದ್ದೆಗಳಲ್ಲಿ ಉಳಿಯುವ ಉದ್ದ ಹುಲ್ಲು ಶಾಫ್ಟಿನ ತುದಿಗಳಲ್ಲಿ ಸುತ್ತಿ ಸುತ್ತಿ, ಎಣ್ಣೆ ತಡೆಯುವ ಸೀಲನ್ನೂ ಹರಿಯುತ್ತದೆ. ಇಂಜಿನ್ ಪೂರ್ತಿ ನಿಲ್ಲಿಸಿ, ರೋಟರಿ ಗೇರು ಬಿಡಿಸಿದ ಮೇಲೆಯೇ ಇದನ್ನು ಕುಡುಗೋಲಿನಿಂದ ಕೊಯ್ದು ತೆಗೆಯಬೇಕು. ಓಡುವ ರೋಟರಿಯ ಹತ್ತಿರ ಕೈ ಕಾಲು ಕಳೆದುಕೊಂಡವರು ನಮ್ಮ ಜಿಲ್ಲೆಗಳಲ್ಲಿ ಒಬ್ಬಿಬ್ಬರಲ್ಲ.

"ಹೋದ ವರ್ಷ ಇದೇ ಹೊಲ, ಇದೇ ಗೇರು, ಇದೇ ಡ್ರೈವರು. ಈ ವರ್ಷ ಎಳೆಯುತ್ತಿಲ್ಲ. ಹಾಗಾದರೆ ಇಂಜಿನ್ನೇ ಕೆಟ್ಟಿರಬೇಕಲ್ಲವೇ?" ಎಂದು ನೀವು ವಾದಿಸಬಹುದು. ಹೊಲವೂ ಬದಲಾಗುತ್ತದೆ ಎಂಬುದನ್ನು ಮರೆಯಬೇಡಿ. ವರ್ಷ ವರ್ಷವೂ ಒಂದೇ ಆಳಕ್ಕೆ ರೋಟರಿ ಹೊಡೆದರೆ ಆ ಆಳದ ಕೆಳಗೆ ಮಣ್ಣು ಒತ್ತಿ ಗಟ್ಟಿಪದರ ಕಟ್ಟುತ್ತದೆ. ಬ್ಲೇಡಿನ ತುದಿ ಆ ಪದರಕ್ಕೆ ತಾಗಿದಾಗಲೆಲ್ಲ ಇಂಜಿನ್ ಮುಗ್ಗರಿಸುತ್ತದೆ. ಮಳೆ ಬಂದ ಎರಡು ಮೂರು ದಿನಕ್ಕೆ ಒಂದು ಕಬ್ಬಿಣದ ಸರಳನ್ನು ಹೊಲದ ಹತ್ತಾರು ಕಡೆ ಕೈಯಿಂದ ಒತ್ತಿ ನೋಡಿ. ಎಲ್ಲ ಕಡೆಯೂ ಒಂದೇ ಆಳದಲ್ಲಿ ಸರಳು ತಡೆದು ನಿಂತರೆ ಗಟ್ಟಿಪದರವಿದೆ ಎಂದು ತಿಳಿಯಿರಿ. ಅಲ್ಲಿಗೇ ಬೆಳೆಯ ಬೇರೂ ನಿಲ್ಲುತ್ತದೆ, ಮಳೆನೀರೂ ನಿಲ್ಲುತ್ತದೆ. ರಾಗಿ, ಜೋಳ, ತೊಗರಿ, ಕಡಲೆ ಬೆಳೆಯುವ ಹೊಲದಲ್ಲಿ ಇಂತಹ ಪದರವನ್ನು ಎರಡು ಮೂರು ವರ್ಷಕ್ಕೊಮ್ಮೆ, ನೆಲ ಒಣಗಿರುವಾಗ, ದೊಡ್ಡ ಟ್ರಾಕ್ಟರಿನಿಂದ ಆಳವಾಗಿ ಸೀಳಿಸಬೇಕು. ಇದು ಟಿಲ್ಲರಿನ ಕೆಲಸವಲ್ಲ. 2014-15ರಲ್ಲಿ ಪ್ರಾರಂಭವಾದ ಕೃಷಿ ಯಂತ್ರಧಾರೆಯಂತಹ ಬಾಡಿಗೆ ಕೇಂದ್ರಗಳು ಇಂತಹ ಅಪರೂಪದ ಕೆಲಸಕ್ಕಾಗಿಯೇ ಇರತಕ್ಕವು. ವರ್ಷಕ್ಕೊಮ್ಮೆಯೂ ಬೇಕಾಗದ ಸಲಕರಣೆಯನ್ನು ಕೊಳ್ಳುವ ಅಗತ್ಯವಿಲ್ಲ. ನೀರು ನಿಲ್ಲಿಸಿ ಭತ್ತವನ್ನೇ ಬೆಳೆಯುವ ಗದ್ದೆಯಲ್ಲಿ ಮಾತ್ರ ಈ ಪದರವನ್ನು ಒಡೆಯಲು ಹೋಗಬೇಡಿ. ಅಲ್ಲಿ ನೀರು ಹಿಡಿದಿಡುವುದೇ ಅದು. ರೋಟರಿಯ ಆಳವನ್ನು ಸ್ವಲ್ಪ ಎತ್ತಿದರೆ ಸಾಕು.

ಈಗ ಒಂದು ಕಠಿಣವಾದ ಮಾತು ಹೇಳಬೇಕಾಗಿದೆ. ಪಂಪಿನ ಅಥವಾ ಗವರ್ನರಿನ ಬಳಿ ಕಾರ್ಖಾನೆಯವರು ಸೀಲು ಮಾಡಿದ ಒಂದು ತಿರುಪು ಇರುತ್ತದೆ. ಇಂಜಿನ್ನಿಗೆ ಅತಿ ಹೆಚ್ಚೆಂದರೆ ಎಷ್ಟು ಡೀಸೆಲ್ ಹೋಗಬೇಕು ಎಂಬುದನ್ನು ನಿರ್ಧರಿಸುವುದು ಅದು. ಆ ಸೀಲು ಮುರಿದು ತಿರುಪನ್ನು ಅರ್ಧ ಸುತ್ತು ತಿರುಗಿಸಿ "ಪವರ್ ಜಾಸ್ತಿ ಮಾಡಿಕೊಟ್ಟೆ" ಎನ್ನುವವರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ಮೊದಲ ವಾರ ರೈತನಿಗೆ ಸಂತೋಷವಾಗುತ್ತದೆ. ಉರಿಯದೆ ಉಳಿದ ಡೀಸೆಲ್ ಮಸಿಯಾಗಿ ರಿಂಗುಗಳ ಗಾಡಿಯಲ್ಲಿ ಸೇರುತ್ತದೆ, ಲೈನರಿನ ಎಣ್ಣೆಯನ್ನು ತೊಳೆದು ಕ್ರ್ಯಾಂಕ್ ಕೇಸಿನ ಎಣ್ಣೆಯನ್ನು ನೀರಾಗಿಸುತ್ತದೆ, ಪಿಸ್ಟನ್ ಮಿತಿಮೀರಿ ಕಾಯುತ್ತದೆ. ಹಲವು ವರ್ಷ ಬಾಳಬೇಕಾದ ಇಂಜಿನ್ ಒಂದೆರಡು ಸುಗ್ಗಿಯಲ್ಲೇ ಮುದಿಯಾಗುತ್ತದೆ. ಕಪ್ಪು ಹೊಗೆ ಬಿಡುತ್ತಾ ಏದುಸಿರಿನಿಂದ ಉಳುತ್ತಿರುವ ಟಿಲ್ಲರನ್ನು ಕಂಡಾಗ ಹೊಲವನ್ನು ಹದಕ್ಕೆ ತರದೆ ಇಂಜಿನ್ನನ್ನು ಹಿಂಡಿದ್ದಾರೆಂದು ನನಗೆ ಅನ್ನಿಸುತ್ತದೆ. ಆ ಸೀಲನ್ನು ಯಾರಿಗೂ ಮುರಿಯಲು ಬಿಡಬೇಡಿ. ಸೋತಾಗ ಒಂದು ಗೇರು ಇಳಿಸಿ.

ಹೊರಗಿನ ಈ ಎಲ್ಲವನ್ನೂ ನೋಡಿ ಮುಗಿಸಿದ ಮೇಲೂ ಇಂಜಿನ್ ಸೋಲುತ್ತಿದ್ದರೆ ಆಗ ಒಳಗಿನ ಮಾತು. ರೇಡಿಯೇಟರಿನಲ್ಲಿ ನೀರು ಕಡಿಮೆಯಾಗಿ ಅಥವಾ ಜಾಲರಿಗೆ ಹೊಟ್ಟು ಕಟ್ಟಿ ಇಂಜಿನ್ ಮಿತಿಮೀರಿ ಕಾಯುತ್ತಿದ್ದರೂ ಶಕ್ತಿ ಕುಂದುತ್ತದೆ. ಬಿಳಿ ಹೊಗೆ ಬಹಳ ಹೊತ್ತು ನಿಲ್ಲದಿದ್ದರೆ ಡೀಸೆಲ್ ಸರಿಯಾದ ಸಮಯಕ್ಕೆ ಉರಿಯುತ್ತಿಲ್ಲ ಅಥವಾ ಒತ್ತಡ ಕಡಿಮೆಯಾಗಿದೆ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಹ್ಯಾಂಡಲ್ ಹಾಕಿ ನಿಧಾನವಾಗಿ ತಿರುಗಿಸಿದಾಗ ಒಂದು ಕಡೆ ಗಟ್ಟಿಯಾಗಿ ತಡೆದು ಹಿಂದಕ್ಕೆ ಒತ್ತುವ ಅನುಭವ ಬರಬೇಕು. ಸಲೀಸಾಗಿ ತಿರುಗಿಬಿಟ್ಟರೆ ವಾಲ್ವು ಅಥವಾ ರಿಂಗು ಒತ್ತಡ ಸೋರುತ್ತಿದೆ. ಓಡುವಾಗ ಎಣ್ಣೆ ಹಾಕುವ ಬಾಯಿಂದ ಬುಸುಬುಸು ಹೊಗೆ ಬಂದರೆ ರಿಂಗು, ಲೈನರ್ ಸವೆದಿವೆ. ನಾಜಲನ್ನು ಹೊರತೆಗೆದು ಅದರ ಸಿಂಪರಣೆಯನ್ನು ಕೈಯೊಡ್ಡಿ ನೋಡುವ ಹುಚ್ಚು ಸಾಹಸ ಮಾತ್ರ ಬೇಡ. ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಮಾಂಸಕ್ಕೆ ಹೋಗುತ್ತದೆ. ಬೆರಳು ಕತ್ತರಿಸಬೇಕಾದ ಪ್ರಸಂಗ ಬರಬಹುದು. ನಾಜಲ್ ಪರೀಕ್ಷೆಗೆ ಅದರದ್ದೇ ಆದ ಒತ್ತಡದ ಯಂತ್ರ ಇರುವಲ್ಲಿಗೆ ಒಯ್ಯಿರಿ.

ನಮ್ಮ ನಾಡಿನಲ್ಲಿ ಟಿಲ್ಲರ್ ಹೊಸದೇನೂ ಅಲ್ಲ. ಜಪಾನಿನ ಸಹಯೋಗದಿಂದ 1967ರಲ್ಲಿ ಬೆಂಗಳೂರಿನಲ್ಲಿಯೂ, 1973ರಲ್ಲಿ ಕೇರಳದಲ್ಲಿಯೂ ಟಿಲ್ಲರ್ ತಯಾರಿಸುವ ಸಂಸ್ಥೆಗಳು ಹುಟ್ಟಿದವು. ಅರ್ಧ ಶತಮಾನ ಕಳೆದಿದೆ. ಇಷ್ಟು ಕಾಲದಲ್ಲಿ ಕೊಳ್ಳುವುದಕ್ಕೆ ಸಹಾಯಧನ ಕೊಡುವ ಯೋಜನೆಗಳು ಒಂದರ ಮೇಲೊಂದು ಬಂದವು; ಕೊಂಡದ್ದನ್ನು ಕಾಪಾಡಲು ಕಲಿಸುವ ಕೆಲಸ ಅದರ ಕಾಲು ಭಾಗವೂ ಆಗಲಿಲ್ಲ ಎಂಬುದು ನನ್ನ ಆಕ್ಷೇಪಣೆ. ಇದರಲ್ಲಿ ನಮ್ಮಂತಹ ವಿಸ್ತರಣಾ ಸಂಸ್ಥೆಗಳ ಪಾಲೂ ಇದೆ. ಯಂತ್ರ ಮಾರುವ ದಿನ ಪೂಜೆ ಮಾಡಿಸಿ, ಹಾರ ಹಾಕಿ, ಫೋಟೋ ತೆಗೆದುಕೊಳ್ಳುವ ವ್ಯಾಪಾರಿಯಿಂದ ಗಾಳಿ ತೆಗೆಯುವುದನ್ನೂ ಏರ್ ಕ್ಲೀನರ್ ತೊಳೆಯುವುದನ್ನೂ ನಿಮ್ಮ ಕೈಯಿಂದಲೇ ಮಾಡಿಸಿ ತೋರಿಸುವಂತೆ ಕೇಳಿ, ಆಮೇಲೆ ರುಜು ಹಾಕಿ. ಕನ್ನಡದ ಕೈಪಿಡಿ ಕೊಡದಿದ್ದರೆ ಬಿಡಬೇಡಿ. ಗಡಿಯಾಚೆ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಿದೆ. ಬಳ್ಳಾರಿ, ತುಮಕೂರು, ಚಿತ್ರದುರ್ಗ ಕಡೆಯ ಓದಿದ ಹುಡುಗರು ಅಲ್ಲಿ ಕೆಲವು ದಿನ ಕಲಿತು ಬಂದರೆ ಊರಿಗೇ ಉಪಕಾರವಾಗುತ್ತದೆ.

ಟಿಲ್ಲರಿನ ಜೊತೆಗೆ ಒಂದು ಚಿಕ್ಕ ಪುಸ್ತಕವನ್ನಿಡಿ. ಎಷ್ಟು ಗಂಟೆ ಓಡಿತು, ಎಷ್ಟು ಡೀಸೆಲ್ ಹೋಯಿತು, ಎಂದು ಫಿಲ್ಟರ್ ಬದಲಾಯಿತು ಎಂಬುದನ್ನು ಸಂಜೆ ಎರಡು ಸಾಲಿನಲ್ಲಿ ಬರೆದಿಡಿ. ಅದೇ ಹೊಲಕ್ಕೆ ಡೀಸೆಲ್ ಏರುತ್ತಾ ಹೋದರೆ ಯಂತ್ರ ಕೂರುವುದಕ್ಕೆ ಬಹಳ ಮೊದಲೇ ನಿಮಗೆ ಸುಳಿವು ಸಿಗುತ್ತದೆ. ಬಾಡಿಗೆಗೆ ಡ್ರೈವರನ್ನು ಇಟ್ಟುಕೊಂಡವರಿಗಂತೂ ಇದು ಅತ್ಯಗತ್ಯ. ಇಂಜಿನ್ನಿನ ನೋವು ತಿಳಿಯುವುದು ಅವನ ಕೈಗೆ, ಖರ್ಚು ಬೀಳುವುದು ನಿಮ್ಮ ಜೇಬಿಗೆ.

ಕೊನೆಗೆ ವರ್ಕ್‌ಶಾಪಿಗೆ ಹೋಗಲೇಬೇಕಾದಾಗ "ಪವರ್ ಇಲ್ಲ" ಎಂದಷ್ಟೇ ಹೇಳಿ ಯಂತ್ರ ಬಿಟ್ಟು ಬರಬೇಡಿ. ಹೊಗೆಯ ಬಣ್ಣ ಇಂತಹುದು, ಸ್ಟಾರ್ಟ್ ಮಾಡಿದ ಎಷ್ಟು ಹೊತ್ತಿಗೆ ಸೋಲುತ್ತದೆ, ಮುಚ್ಚಳ, ಫಿಲ್ಟರ್, ಏರ್ ಕ್ಲೀನರ್, ಬೆಲ್ಟು ನಾನು ನೋಡಿದ್ದೇನೆ ಎಂದು ಹೇಳಿ. ಒಳ್ಳೆಯ ಮೆಕ್ಯಾನಿಕ್ಕಿಗೆ ಇದರಿಂದ ಅರ್ಧ ದಿನದ ಕೆಲಸ ಉಳಿಯುತ್ತದೆ, ಅವರು ಸಂತೋಷಪಡುತ್ತಾರೆ. ಬಿಚ್ಚುವ ಮೊದಲು ಏನು ಬದಲಾಯಿಸುತ್ತೀರಿ, ಏಕೆ ಎಂದು ಕೇಳಿ. ಬದಲಾಯಿಸಿದ ಹಳೆಯ ನಾಜಲ್, ರಿಂಗುಗಳನ್ನು ಕೇಳಿ ಪಡೆದು ಮನೆಗೆ ತನ್ನಿ. ಯಂತ್ರವನ್ನು ಅಂಗಳದಲ್ಲಿ ಓಡಿಸಿ ತೋರಿಸಿದರೆ ಹಣ ಕೊಡಬೇಡಿ. ಹತ್ತಿರದ ಯಾವುದಾದರೂ ಹೊಲದಲ್ಲಿ ಹತ್ತು ನಿಮಿಷ ಉತ್ತು ತೋರಿಸಲಿ.